ಬೀರಿನ ಬೀರು

"ಇನ್ಮುಂದೆ ಈ ಮನೆಯೊಳಕ್ಕೆ ಬೀರಿನ ಬಾಟಲಿ ಅನ್ನೋದು ಕಾಲಿಟ್ಟರೆ ನನ್ನ ಹೆಸರು ಎಲ್ರಾಯ್ ಜಾಂಕೆ ಅಲ್ಲ!"

ಶೆಬಾಯ್ಗನ್ ಊರಿನ ತನ್ನ ಅಡುಗೆಮನೆಯಲ್ಲಿ ನಿಂತು ಎಲ್ರಾಯ್ ಹೀಗೆ ಶಪಥ ಮಾಡಿದಾಗ ಅವನ ಒಂದು ಕೈಯಲ್ಲಿ ಡ್ರಿಲ್ ಯಂತ್ರ, ಇನ್ನೊಂದು ಕೈಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ನಲ್ಲಿ. ದಂಡೆತ್ತಿ ಹೊರಟ ಮಹಾರಾಜನೇ ಸೈ! ಹೆಂಡತಿ ಮಾರ್ಲಿಸ್ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಹೊಸ ಹೆಸರು ಏನಿಟ್ಕೋತೀಯ ಅಂತ ಈಗ್ಲೇ ಯೋಚ್ನೆ ಮಾಡಿಡು," ಎಂದಳು.

ವಿಷಯ ಇಷ್ಟೆ. ಮಗಳು ಕೊರಿನ್‌ಗೆ ಮದುವೆ ಗೊತ್ತಾಗಿತ್ತು. ಹುಡುಗನ ಅಪ್ಪ ಹಾಲ್ವರ್, ಅಮ್ಮ ಸೋಲ್ವೆಯ್ ಭಾನುವಾರ ಮಿನೆಸೋಟಾದಿಂದ ಮೊದಲ ಸಲ ಊಟಕ್ಕೆ ಬರುವವರಿದ್ದರು. ಬೀಗರ ಕೈಗೆ ಅಂಗಡಿಯ ಬಾಟಲಿ ಕೊಡುವುದೇ? ಅದೂ ಬೀರಿಗೇ ಹೆಸರಾದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಗಂಡಸು? ಛೆ! ನೆಲಮಾಳಿಗೆಯಲ್ಲಿದ್ದ ಹಳೆಯ ಫ್ರಿಜ್ಜಿನ ಹೊಟ್ಟೆಯಲ್ಲಿ ಬೀರಿನ ಪೀಪಾಯಿ ಇಟ್ಟು, ಅದರ ಬೆನ್ನಿಗೆ ಬೀರನ್ನು ಹೊರದೂಡುವ ಗ್ಯಾಸ್ ಸಿಲಿಂಡರ್ ಜೋಡಿಸಿ, ಬಾಗಿಲಿಗೆ ತೂತು ಕೊರೆದು ನಲ್ಲಿ ಕೂರಿಸಿದರೆ ಮುಗಿಯಿತು. ತಿರುಗಿಸಿದರೆ ತಣ್ಣನೆಯ, ತಾಜಾ ಬೀರು! ಪೇಟೆಯ ಪಾನಗೃಹವೇ ನಾಚಿಕೊಳ್ಳಬೇಕು.

"ಬಟ್ಟೆ ಇಡೋಕೆ ನಂಗೊಂದು ಬೀರು ಮಾಡಿಕೊಡು ಅಂತ ಮದುವೆ ಆದಾಗ್ನಿಂದ ಕೇಳ್ತಿದ್ದೀನಿ," ಎಂದಳು ಮಾರ್ಲಿಸ್. "ಈಗ ಬೀರಿಗೇ ಒಂದು ಬೀರು ಮಾಡ್ತಿದ್ದೀಯ."

ಎಲ್ರಾಯ್ ಇಂಥ ಕ್ಷುದ್ರ ಮಾತಿಗೆಲ್ಲ ಕಿವಿಗೊಡುವವನಲ್ಲ. ಫ್ರಿಜ್ಜಿನಲ್ಲಿದ್ದ ಅವಳ ಹೆರಿಂಗ್ ಮೀನಿನ ಉಪ್ಪಿನಕಾಯಿ ಜಾಡಿಗಳನ್ನು ಗಡೀಪಾರು ಮಾಡಿದ. ಬಾಗಿಲಿಗೆ ತೂತು ಕೊರೆದ. ಮೊದಲ ತೂತು ಓರೆಯಾಯಿತು. ಎರಡನೆಯದು ನೆಟ್ಟಗೆ ಬಂತು, ಆದರೆ ಎಲ್ರಾಯ್‌ನ ಮೊಣಕಾಲಿನ ಎತ್ತರಕ್ಕೆ. ಮೂರನೆಯದಕ್ಕೆ ನಲ್ಲಿ ಕೂತಿತು. ಮಿಕ್ಕೆರಡಕ್ಕೆ ಹಳೇ ಕಾಲುಚೀಲ ತುರುಕಿದ.

ಪೀಪಾಯಿಯನ್ನು ಮೆಟ್ಟಿಲ ಮೇಲೆ ಉರುಳಿಸಿಕೊಂಡೇ ಇಳಿಸಿದ. ಧಡ್! ಧಡ್! ಧಡ್! ಗೋಡೆಯ ಮೇಲಿದ್ದ ಅತ್ತೆಯ ಫೋಟೊ ಕೆಳಗೆ ಬಿತ್ತು. ಅದನ್ನವನು ಶುಭಶಕುನ ಎಂದುಕೊಂಡ. ಎಲ್ಲ ಜೋಡಿಸಿ, ಉದ್ಘಾಟನೆಗೆಂದು ಮಾರ್ಲಿಸ್‌ಳನ್ನು ಕರೆದು, ಲೋಟ ಹಿಡಿದು ನಲ್ಲಿ ತಿರುಗಿಸಿದ.

ಫುಸ್ಸ್!

ಲೋಟದ ತುಂಬ ನೊರೆ. ಬರೀ ನೊರೆ. ಮುಖಕ್ಷೌರಕ್ಕೆ ಹೇಳಿ ಮಾಡಿಸಿದಂಥ ಬಿಳಿ ನೊರೆ!

"ಚೆನ್ನಾಗಿದೆ," ಎಂದಳು ಮಾರ್ಲಿಸ್. "ಬೀಗರಿಗೆ ಒಂದೊಂದು ಚಮಚ ಕೊಡೋಣ."

"ಒತ್ತಡ ಸಾಲದು ಅನ್ಸುತ್ತೆ. ಜಾಸ್ತಿ ಮಾಡ್ತೀನಿ."

ಮಾಡಿದ. ನೊರೆ ಈಗ ಲೋಟ ಬಿಟ್ಟು ಛಾವಣಿಗೆ ಹಾರಿತು. ಇಳಿಸಿದ. ಕೆಮ್ಮುವ ಮುದುಕನಂತೆ ನಲ್ಲಿ ಗೊರಗೊರ ಎಂದು ಸುಮ್ಮನಾಯಿತು. ಎಲ್ಲೋ ಗ್ಯಾಸ್ ಸೋರುತ್ತಿರಬಹುದೆಂದು ಸೋಪಿನ ನೀರು ಹಚ್ಚಿದ. ಸೋರುವ ಕಡೆ ಗುಳ್ಳೆ ಏಳಬೇಕು. ಎಲ್ಲ ಕಡೆಯೂ ಎದ್ದಿತು! ಬೀರಿನ ನೊರೆ ಯಾವುದು, ಸೋಪಿನ ನೊರೆ ಯಾವುದು ಎಂದು ತಿಳಿಯಲು ನೆಕ್ಕಿ ನೋಡಿದ. ಸೋಪಿನದೇ ಆಗಿತ್ತು.

"ತಣ್ಣಗಿದ್ದರೆ ನೊರೆ ಬರಲ್ಲವಂತೆ," ಎಂದು ಫ್ರಿಜ್ಜಿನ ಗುಂಡಿಯನ್ನು ಕೊನೆಗಂಟ ತಿರುಗಿಸಿ ಮಲಗಿದ. ಬೆಳಗ್ಗೆ ಪೀಪಾಯಿ ಹಿಮಾಲಯವಾಗಿತ್ತು. ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಪೀಪಾಯಿಗೆ ಬಿಸಿಗಾಳಿ ಹೊಡೆಯುತ್ತ ಕೂತ. ಬೀರು ಕರಗಿತು. ಬಳಿಕ ಬೆಚ್ಚಗಾಯಿತು. ಬೆಚ್ಚಗಾದ ಮೇಲೆ ನೊರೆ ಬಂದ ವೈಭವ ಹೇಳತೀರದು!

ವಾರವಿಡೀ ಇದೇ ಕಥೆ. ಊಟಕ್ಕೆ ಕರೆದರೆ ಬರುವುದಿಲ್ಲ, ಮಾತಾಡಿಸಿದರೆ ಕೇಳಿಸುವುದಿಲ್ಲ. ನಲ್ಲಿಯ ಧ್ಯಾನದಲ್ಲಿ ನಲ್ಲೆಯನ್ನೇ ಮರೆತ. ಅಂಗಡಿಯಿಂದ ಒಂದು ಬಾಟಲಿ ತಂದು ಗಂಟಲು ತಣಿಸಿಕೊಳ್ಳೋಣವೆಂದರೆ ಶಪಥ ಅಡ್ಡ ಬಂತು.

"ಆ ಸಿಲಿಂಡರಿನ ಒತ್ತಡ ಏರಿಸಿ ಇಳಿಸಿ ನನ್ನ ಒತ್ತಡ ಏರಿಸ್ತಿದ್ದೀಯ," ಎಂದು ಮಾರ್ಲಿಸ್ ಗದರಿದಳು. "ಬಾಟಲಿ ತಂದಿಡು. ಮಗಳ ಮಾನದ ಪ್ರಶ್ನೆ."

"ಗಂಡಸಿನ ಮಾತು ಅಂದ್ರೆ ಮಾತು!"

"ಹೌದೌದು. ಅದ್ರಲ್ಲೂ ಬರೀ ನೊರೆ."

ಶನಿವಾರ ಕೊರಿನ್ ನೆಲಮಾಳಿಗೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಹಾಲ್ವರ್ ಅಂಕಲ್ ವಿಷಯ ಒಂದು ಹೇಳ್ಬೇಕಿತ್ತು..." ಎಂದಳು.

"ಅವರಿಗೆ ಯಾವ ಥರದ ಬೀರು ಇಷ್ಟ ಅಂತ ತಾನೆ? ಹೇಳ್ಬೇಡ! ಕುಡಿದ ಮೇಲೆ ಅವರೇ ಹೇಳ್ಲಿ!"

"ಅದಲ್ಲಪ್ಪಾ..."

"ಸುಮ್ನಿರು, ಸಿಲಿಂಡರ್ ಸದ್ದು ಕೇಳಿಸ್ಕೋತಿದ್ದೀನಿ!"

ಭಾನುವಾರ ಬಂತು. ಬೀಗರೂ ಬಂದರು. ಹಾಲ್ವರ್ ಟ್ವೆಟ್ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣಿಗೆ ಹಾಕಿದ ಗಡ್ಡ, ಅಳೆದು ತೂಗಿದಂಥ ಮಾತು. ಅವನ ಹೆಂಡತಿ ಸೋಲ್ವೆಯ್ ಕೈಯಲ್ಲಿ ಒಂದು ಡಬ್ಬಿ ಬಿಸ್ಕತ್ತು. ರಾತ್ರಿ ತಮ್ಮೂರ ಚರ್ಚಿನಲ್ಲಿ ಊಟ ಬಡಿಸುವ ಜವಾಬ್ದಾರಿ ಇರುವುದರಿಂದ ಬೇಗ ಹೊರಡಬೇಕೆಂದರು.

ಎಲ್ರಾಯ್ ಅವರನ್ನು ಕೂರಲೂ ಬಿಡಲಿಲ್ಲ. "ಬನ್ನಿ ಬೀಗರೇ, ಮೊದಲು ಕೆಳಗೆ ಬನ್ನಿ!" ಎಂದು ಕೈಹಿಡಿದು ನೆಲಮಾಳಿಗೆಗೆ ಎಳೆದೊಯ್ದ. ಕೊರಿನ್ "ಅಪ್ಪಾ! ಅಪ್ಪಾ!" ಎನ್ನುತ್ತ ಹಿಂದೆಯೇ ಓಡಿಬಂದಳು. ಹಾಲ್ವರ್‌ನನ್ನು ಫ್ರಿಜ್ಜಿನ ಎದುರು ನಿಲ್ಲಿಸಿ, ಲೋಟ ಕೊಟ್ಟು, ಎಲ್ರಾಯ್ ನಲ್ಲಿಯ ಹಿಡಿಯನ್ನು ತಿರುಗಿಸಿದ.

ಏನೂ ಬರಲಿಲ್ಲ. ಇನ್ನಷ್ಟು ಬಲವಾಗಿ ತಿರುಗಿಸಿದ. ಹಿಡಿ ಕಿತ್ತು ಕೈಗೇ ಬಂತು!

ಆಮೇಲೆ ನಡೆದದ್ದು ನೊರೆಯ ಮಹಾಪೂರ. ನಲ್ಲಿಯಿಂದ ಹೊರಟ ಧಾರೆ ನೇರ ಹಾಲ್ವರ್‌ನ ಗಡ್ಡಕ್ಕೆ ಬಡಿದು, ಅಂಗಿಗೆ ಇಳಿದು, ಷೂ ತುಂಬಿತು. ಎಲ್ರಾಯ್ ಅಂಗೈಯಿಂದ ನಲ್ಲಿ ಮುಚ್ಚಲು ಹೋದ. ಒತ್ತಡಕ್ಕೆ ಪಕ್ಕದ ತೂತಿನ ಕಾಲುಚೀಲ ಬುಲೆಟ್ಟಿನಂತೆ ಸಿಡಿದು ಸೋಲ್ವೆಯ್‌ಳ ಬಿಸ್ಕತ್ತಿನ ಡಬ್ಬಿಗೆ ಅಪ್ಪಳಿಸಿತು. ಕೊನೆಗೆ ಮಾರ್ಲಿಸ್ ಇಳಿದುಬಂದು ಸಿಲಿಂಡರಿನ ತಿರುಪು ಮುಚ್ಚಿದಳು.

ಹಾಲ್ವರ್ ಗಡ್ಡದ ನೊರೆ ಹಿಂಡಿಕೊಂಡು, ಖಾಲಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಪರವಾಗಿಲ್ಲ," ಎಂದ. "ನಾನು ಕುಡಿಯೋದು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು."

"ಅದನ್ನೇ ಹೇಳೋಕೆ ಬಂದಿದ್ದೆ ಅಪ್ಪಾ!" ಎಂದು ಕೊರಿನ್ ಗೋಡೆಗೆ ಹಣೆ ಚಚ್ಚಿಕೊಂಡಳು.

ಊಟದ ಜೊತೆಗೆ ಎಲ್ಲರೂ ಕಾಫಿ ಕುಡಿದರು. ಎಲ್ರಾಯ್‌ನ ಅಂಗಿ ಹಾಲ್ವರ್‌ನ ಹೊಕ್ಕುಳವನ್ನೂ ಮುಟ್ಟಲಿಲ್ಲವಾದ್ದರಿಂದ ಅವನು ಒದ್ದೆ ಅಂಗಿಯಲ್ಲೇ ಹೊರಟ. ಗಮಗಮ ಎಂದು ಹೊರಟ.

ಸ್ವಲ್ಪ ಹೊತ್ತಿಗೆ ಫೋನು. ಆ ಕಡೆ ಸೋಲ್ವೆಯ್. "ಹೆದ್ದಾರಿ ಹತ್ತೋ ಕಡೆ ಪೊಲೀಸಿನವಳು ನಿಲ್ಸಿದ್ದಾಳೆ. ಹಿಂದಿನ ಬ್ರೇಕ್ ದೀಪ ಹತ್ತುತ್ತಿಲ್ಲ ಅಂತ ಬಂದ್ಲು. ಕಿಟಕಿ ಇಳಿಸಿದ್ದೇ ತಡ, ಮೂಗು ಮುಚ್ಕೊಂಡ್ಲು. ಇವರು ಕುಡಿದಿಲ್ಲ ಅಂದ್ರೆ ನಂಬ್ತಿಲ್ಲ. ನೀವೇ ಬಂದು ಹೇಳಿ!"

ಎಲ್ರಾಯ್ ಕಾರು ಹತ್ತಿ ಹಾರಿದ. ಮಗಳ ಮದುವೆ ಮುರಿದೇಹೋಯಿತೆಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಹೋಗುವಷ್ಟರಲ್ಲಿ ಹಾಲ್ವರ್ ರಸ್ತೆಬದಿಯಲ್ಲಿ ಗೆರೆಯ ಮೇಲೆ ನಡೆದು, ಯಂತ್ರಕ್ಕೆ ಉಸಿರು ಊದಿ ಮುಗಿಸಿದ್ದ. ಯಂತ್ರ ಸೊನ್ನೆ ತೋರಿಸಿತ್ತು.

"ತಪ್ಪು ನಂದೇ ತಾಯಿ!" ಎಂದು ಎಲ್ರಾಯ್ ಓಡಿಬಂದ. "ಅವರ ಮೇಲಿರೋದು ನನ್ನ ಬೀರು! ನಮ್ಮನೇಲಿ ನಾನೇ ಕೈಯಾರೆ ನಲ್ಲಿ ಕೂರಿಸಿದ್ದೀನಿ!"

ಪೊಲೀಸಿನವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಅಂಗಿಯೂ ಬೀರಿನಲ್ಲಿ ತೊಯ್ದು ನಾರುತ್ತಿತ್ತು.

"ನಿಮ್ಮ ಬೀರು. ನಿಮ್ಮ ನಲ್ಲಿ. ಕಾರು ಓಡಿಸ್ಕೊಂಡು ಬಂದವರೂ ನೀವೇ," ಎಂದಳು. "ಸಾರ್, ಸ್ವಲ್ಪ ಊದಿ."

ಎಲ್ರಾಯ್ ಊದಿದ. ಅವಳು ಯಂತ್ರ ನೋಡಿದಳು. ಕುಟ್ಟಿ ನೋಡಿದಳು. ಮತ್ತೆ ಊದಿಸಿದಳು.

ಸೊನ್ನೆ!

"ಮನೇಲಿ ಒಂದು ಪೀಪಾಯಿ ಬೀರಿದೆ ಅಂತೀರ," ಎಂದು ಅವಳು ಕನಿಕರದಿಂದ ಕೇಳಿದಳು. "ಭಾನುವಾರ ಬೇರೆ. ಒಂದು ತೊಟ್ಟೂ ಕುಡಿದಿಲ್ವಾ ಸಾರ್?"

ಎಲ್ರಾಯ್ ತಲೆ ತಗ್ಗಿಸಿದ. ವಾರವಿಡೀ ಹೆಣಗಿದ ಮೇಲೆ ಅವನ ಗಂಟಲಿಗೆ ಒಂದು ಗುಟುಕೂ ಇಳಿದಿಲ್ಲವೆಂಬುದಕ್ಕೆ ಈಗ ಸರ್ಕಾರದ ಮೊಹರೇ ಬಿದ್ದಿತ್ತು!

ಹಾಲ್ವರ್ ಹತ್ತಿರ ಬಂದು, ತನ್ನ ಅಗಲವಾದ ಕೈಯನ್ನು ಅವನ ಹೆಗಲ ಮೇಲಿಟ್ಟ.

"ಧೈರ್ಯವಾಗಿರಿ ಬೀಗರೇ," ಎಂದ. "ಬಿಟ್ಟ ಹೊಸದರಲ್ಲಿ ಸ್ವಲ್ಪ ಕಷ್ಟ ಆಗುತ್ತೆ. ಆಮೇಲೆ ಅಭ್ಯಾಸ ಆಗ್ಬಿಡುತ್ತೆ."