ನಿಮ್ಮಪ್ಪ ಬರ್ಲಿ ತಡಿ

ಮನೆಯಲ್ಲಿ ಅಪ್ಪ ಇರುವಾಗ ಮಕ್ಕಳನ್ನು ಹೆದರಿಸಲು ದೆವ್ವ ಯಾಕೆ ಬೇಕು? ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟ ನನ್ನ ಬುದ್ಧಿ ಇಷ್ಟೇ. "ನಿಮ್ಮಪ್ಪ ಬರ್ಲಿ ತಡಿ" ಎಂಬ ಮಾತನ್ನು ಕುರುಗೋಡಿನ ತವರಿನಿಂದ ಸಿರುಗುಪ್ಪದ ಗಂಡನ ಮನೆಗೆ ತಂದೆ. ಜೊತೆಗೆ ತಂದ ಹಿತ್ತಾಳೆ ಕೊಡ ಎಂದೋ ತೂತು ಬಿತ್ತು. ಮಾತು ಮಾತ್ರ ಸವೆಯಲಿಲ್ಲ.

ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಕೋಳಿಗೂ ಹುಶ್ ಎಂದವನಲ್ಲ ಆ ಪುಣ್ಯಾತ್ಮ. ಆದರೆ ಆತನ ಸೈಕಲ್ ಗಂಟೆ ಕೇಳಿದರೆ ಸಾಕು, ಮಗ ಈರಣ್ಣ ಜೋಳದ ಚೀಲದ ಹಿಂದೆ ಕೂತು ಬಿಕ್ಕಳಿಸುತ್ತಿದ್ದ. ಒಮ್ಮೆ ಮೊಣಕಾಲು ಸೀಳಿಕೊಂಡು ಬಂದಾಗಲೂ ನಾನು ಅದೇ ಮಾತು ಅಂದೆ. ಹುಡುಗ ಗಾಯ ಮುಚ್ಚಿಟ್ಟು ಕೀವು ಮಾಡಿಕೊಂಡ. "ಇವ ನನ್ನ ಕಂಡ್ರ ಯಾಕ ಅಡಗ್ತಾನ ಲೇ?" ಎಂದು ಗಂಡ ಕೇಳಿದರೆ, "ಗಂಡು ಹುಡುಗ, ಅಂಜಿಕಿ ಇರಬೇಕು" ಎನ್ನುತ್ತಿದ್ದೆ. ಮಗನಿಗೆಂದು ತಂದ ಕಡಲೆಮಿಠಾಯಿ ಆತನ ಜೇಬಿನಲ್ಲೇ ಮೆತ್ತಗಾಗುತ್ತಿತ್ತು. ಆತ ತೀರಿಹೋಗಿ ಬಹಳ ವರ್ಷವಾಯಿತು.

ಈರಣ್ಣ ಈಗ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಾನೆ. ನಾನೂ ಅವನ ಜೊತೆಗೇ ಇದ್ದೇನೆ. ಕೆಲಸ ಮುಗಿಸಿ ಕೌಲ್ ಬಜಾರಿನ ಮನೆಗೆ ಬಂದ ಮೇಲೂ ಮಷೀನು ಬಿಡುವುದಿಲ್ಲ. ಮಗಳು ಗಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಬಟ್ಟಿ ಎಳಿಬ್ಯಾಡ, ಉಸಿರು ಬಿಡು, ಸೂಜಿ ತಾನ ಹೋಗ್ತೈತಿ" ಎಂದು ಪಾಠ ಮಾಡುತ್ತಾನೆ. ಮೊನ್ನೆ ಗಂಗಿ ಕಟ್ಟೆಯ ಮೇಲಿಂದ ಬಿದ್ದು ಗದ್ದ ಸೀಳಿಕೊಂಡಳು. ನನ್ನ ಬಾಯಿಂದ ಹಳೆಯ ಮಾತು ಜಾರಿತು. ಅಳುತ್ತಿದ್ದ ಹುಡುಗಿ ಗಪ್ಪಾಗಿ, "ಯಾವಾಗ ಬರ್ತಾನ?" ಎಂದು ಗದ್ದಕ್ಕೆ ಟವೆಲ್ ಒತ್ತಿಕೊಂಡು ಹೊಸ್ತಿಲ ಮೇಲೆ ಕಾಯುತ್ತ ಕೂತಳು! ಜೀವಮಾನದ ಅಸ್ತ್ರ ಹೀಗೆ ತುಕ್ಕು ಹಿಡಿದದ್ದು ಕಂಡು ನನಗೆ ಸಿಟ್ಟೇ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಮೂರು ಹೊಲಿಗಿ ಹಾಕಬೇಕು" ಎಂದಳು. ನಾನು ಕಣ್ಣು ಮುಚ್ಚಿ ಈರಣ್ಣನ ಅಂಗಿ ತೋಳು ಹಿಡಿದುಕೊಂಡೆ. ಅಪ್ಪನ ತೊಡೆ ಮೇಲಿದ್ದ ಗಂಗಿ, "ಯಾವ ಕಲರ್ ದಾರ?" ಎಂದಳು.

"ಕಪ್ಪು."

"ಕಪ್ಪಾ? ನಮ್ಮಪ್ಪ ಹಳದಿ ಹಾಕ್ತಾನ."

ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಉಸಿರು ಬಿಡು. ಸೂಜಿ ತಾನ ಹೋಗ್ತೈತಿ" ಎಂದಳು. ಈರಣ್ಣ ನಕ್ಕ. ನಾನು ನಗಲಿಲ್ಲ, ಅವನ ಮೊಣಕಾಲಿನ ಸೊಟ್ಟ ಕಲೆ ನೆನಪಾಯಿತು.

"ಅವ್ವಾ, ಇನ್ನರ ಆ ಮಾತು ಬಿಡು" ಎಂದ. ಬಿಟ್ಟೆ ಎಂದೆ. ಮರುದಿನ ಗಂಗಿ ಹಾಲು ಚೆಲ್ಲಿದಳು, ಮಾತು ಮತ್ತೆ ಹೊರಗೆ ಬಿತ್ತು. "ಬರ್ಲಿ ಬರ್ಲಿ, ನೀನು ಅಂದಿದ್ದು ಹೇಳ್ತೀನಿ" ಎಂದಳು ಆ ಚಿಳ್ಳಿ. ಸಂಜೆ ಮಗನ ಗಾಡಿಯ ಸದ್ದಾದಾಗ ನಾನೇ ಅಡಗಲು ಜಾಗ ಹುಡುಕಿದೆ. ಈ ಬಳ್ಳಾರಿ ಮನೆಯಲ್ಲಿ ಒಂದು ಜೋಳದ ಚೀಲವೂ ಇಲ್ಲ.