ಓದಿ ಕೇಳಿ ಒಪ್ಪಿದ ಕಾದಂಬರಿ

ನಿಧಾನವಾಗಿ ಬರೆದದ್ದೆಲ್ಲ ಚೆನ್ನಾಗಿರುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಸೋಮಾರಿಗಳಿಗೆ ಇದಕ್ಕಿಂತ ಅನುಕೂಲವಾದ ನಂಬಿಕೆ ಮತ್ತೊಂದಿಲ್ಲ. ಕನ್ನಡ ರಾಜ್ಯ ಒಂದಾದ ಮರುವರ್ಷ, ಶಿಕಾರಿಪುರದಲ್ಲಿ ಮೇಷ್ಟರಾಗಿದ್ದ ನನಗೆ ಹುಬ್ಬಳ್ಳಿಯ ಪ್ರಕಾಶಕರೊಬ್ಬರಿಂದ ಕಾಗದ ಬಂತು. ತಿಂಗಳಿಗೊಂದು ಕಾದಂಬರಿ ಹೊರತರುವವರು ಅವರು. ಯಾರೋ ಲೇಖಕರು ಕೈಕೊಟ್ಟು ಒಂದು ತಿಂಗಳು ಖಾಲಿ ಬಿದ್ದಿತ್ತಂತೆ. ದಸರಾ ರಜೆ ಮುಗಿಯುವುದರೊಳಗೆ ಹಸ್ತಪ್ರತಿ ತಲುಪಿದರೆ ಆ ತಿಂಗಳು ನನ್ನದು, ಇಲ್ಲದಿದ್ದರೆ ಇನ್ನೊಬ್ಬರದು. ಹತ್ತು ವರ್ಷದಿಂದ ಬಾಯಿಬಿಟ್ಟುಕೊಂಡು ಕಾದಿದ್ದ ಅವಕಾಶ. ಊರಿಗೆಲ್ಲ ಹೇಳಿಕೊಂಡು ಬಂದೆ. ಇನ್ನು ಬರೆಯುವುದೊಂದು ಬಾಕಿ.

ರಜೆಯ ಮೊದಲ ವಾರ ಹೋಳಿಗೆ, ನಿದ್ದೆ, ಅಂಜನಾಪುರದ ಕೆರೆ ಏರಿಯ ಮೇಲೆ ಓಡಾಡುತ್ತ ಗಂಭೀರ ಚಿಂತನೆ, ಇಷ್ಟರಲ್ಲೇ ಕಳೆಯಿತು. "ಏನ್ರೀ, ಒಂದು ವಾರಕ್ಕೆ ಕಾದಂಬರಿ ಹೆಸರೊಂದೇ ಆಯ್ತಲ್ರೀ?" ಎಂದಳು ನನ್ನ ಹೆಂಡತಿ. ಮರುದಿನವೇ ನನ್ನನ್ನು ಸೊರಬದ ಬಸ್ಸು ಹತ್ತಿಸಿ ತವರಿಗೆ ಕರೆದೊಯ್ದಳು. ಅವಳ ತಂದೆ ನಿವೃತ್ತ ಶಾನುಭೋಗರು. ನಲವತ್ತು ವರ್ಷ ರೈತರ ಹೇಳಿಕೆ ಬರೆದುಕೊಂಡ ಕೈ. ಎದುರಿನವರ ಮಾತು ಮುಗಿಯುವಷ್ಟರಲ್ಲಿ ಕಾಗದದ ಮೇಲಿರುತ್ತಿತ್ತು.

"ನೀವು ಹೇಳ್ತಾ ಹೋಗಿ ಅಳಿಯಂದ್ರೇ, ಬರೆಯೋದು ನನಗಿರ್ಲಿ" ಎಂದು ಮಾವ ಚಾಪೆ ಹಾಸಿ ಕುಳಿತರು.

ಆದರೆ ಹೇಳಿಕೆಯ ಪದ್ಧತಿಯನ್ನು ಅವರು ಬಿಡಲಿಲ್ಲ. ಒಂದೊಂದು ಅಧ್ಯಾಯ ಮುಗಿದ ಕೂಡಲೇ, ಜಮೀನಿನ ತಕರಾರು ಓದುವ ಧ್ವನಿಯಲ್ಲಿ ಅದನ್ನು ಪೂರ್ತಿ ಓದಿ ಹೇಳುವರು. ನಾನು ಕೇಳಿ, ಸರಿಯೆಂದು ಒಪ್ಪಿ, ರುಜು ಹಾಕಬೇಕು. 'ಅವಳ ವಿರಹಾಗ್ನಿ ದಶದಿಕ್ಕುಗಳನ್ನೂ ದಹಿಸಿತು' ಎಂಬುದನ್ನು ಆ ಧ್ವನಿಯಲ್ಲಿ ಕೇಳುವ ಕಷ್ಟ ಶತ್ರುವಿಗೂ ಬೇಡ.

"ದಹಿಸಿದ್ದನ್ನ ಕಂಡೋರು ಯಾರು ಮಾರಾಯ್ರೇ?" ಎಂದರು ಮಾವ.

ಸಿಟ್ಟು ಬಂತು. ಆದರೆ ಯಾರೂ ಕಂಡಿಲ್ಲವೆಂದು ನನಗೂ ಗೊತ್ತಿತ್ತು. ತಲೆ ತಗ್ಗಿಸಿ ಹೊಡೆದುಹಾಕಿಸಿದೆ. ನಾಲ್ಕನೆಯ ಅಧ್ಯಾಯದಿಂದ ನಾಯಕಿ ಅಳು ಬಂದಾಗ ಸುಮ್ಮನೆ ಅತ್ತಳು, ಹಸಿದಾಗ ಉಂಡಳು. ಅಂಥ ಕಡೆ ಮಾವನ ಓದು ತಾನಾಗಿಯೇ ಮೆಲ್ಲಗಾಗುತ್ತಿತ್ತು. ಒಂದು ಸಲವಂತೂ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಎಂಟು ದಿನಕ್ಕೆ ಕಾದಂಬರಿ ಮುಗಿದು ಅಂಚೆಗೆ ಬಿತ್ತು. ಗಡುವಿನೊಳಗೆ ತಲುಪಿತೆಂದು ಪ್ರಕಾಶಕರ ಕಾರ್ಡೂ ಬಂತು.

ಅಚ್ಚಾದ ಪುಸ್ತಕ ಹಿಡಿದು ಮೊದಲು ಸೊರಬಕ್ಕೇ ಓಡಿದೆ. ಮುನ್ನುಡಿಯಲ್ಲಿ ದೇವರು, ಪ್ರಕಾಶಕರು, ನಮ್ಮ ಹೆಡ್‌ಮಾಸ್ಟರು ಎಲ್ಲರಿಗೂ ವಂದಿಸಿ, 'ಎಂಟೇ ದಿನದಲ್ಲಿ ಬರೆದೆ' ಎಂದು ಕೊಚ್ಚಿಕೊಂಡಿದ್ದೆ. ಮಾವ ಕೊನೆಯ ಪುಟದವರೆಗೂ ತಿರುವಿದರು.

"ಎಲ್ಲಾ ಸರಿ ಇದೆ. ಬಿಕ್ಕಲಂ ಎಲ್ಲಿದೆ?"

ಪತ್ರ ಯಾರದೇ ಇರಲಿ, ಕೊನೆಗೆ 'ಬಿಕ್ಕಲಂ' ಎಂದು ಹಾಕಿ ಅದನ್ನು ಕೈಯಾರೆ ಬರೆದವನ ಹೆಸರು ಕಾಣಿಸಬೇಕೆಂಬುದು ಅವರ ಕಸುಬಿನ ನಿಯಮ. ನಾನು ಭೂಮಿಗಿಳಿದುಹೋದೆ. ಈ ಮನುಷ್ಯ ಇಲ್ಲದಿದ್ದರೆ ಗಡುವೂ ಇಲ್ಲ, ಪುಸ್ತಕವೂ ಇಲ್ಲ. ಹಾಗೆಂದು ಅವರೆದುರಿಗೇ ಹೇಳಿ ಕಾಲಿಗೆ ಬಿದ್ದೆ. ಎದ್ದವನು ಪೆನ್ನು ತೆಗೆದು ಕೊನೆಯ ಪುಟದಲ್ಲಿ ಅವರ ಹೆಸರು ಬರೆಯತೊಡಗಿದೆ.

ಎರಡಕ್ಷರ ನೋಡುವಷ್ಟರಲ್ಲಿ ಮಾವ ಪೆನ್ನು ಕಸಿದುಕೊಂಡರು. "ಈ ಕೋಳಿಕಾಲು ಯಾರು ಓದ್ತಾರೆ? ಕೊಡಿ ಇಲ್ಲಿ."

ಹೀಗೆ ನನ್ನ ಕೃತಜ್ಞತೆಯನ್ನೂ ಅವರೇ ಬರೆದುಕೊಂಡರು. ಕಾದಂಬರಿಕಾರನಾದ ನಾನು ಪಕ್ಕದಲ್ಲಿ ಕುಳಿತು, ಶಾಯಿ ಬೇಗ ಆರಲೆಂದು ಊದಿದೆ.