ಬೆರಳು ಕಾಣದ ಪಾಠ

ಕಣ್ಣಿನಷ್ಟು ನಂಬಿಸಿ ಮೋಸ ಮಾಡುವ ಅಂಗ ಇನ್ನೊಂದಿಲ್ಲ. ಹಲ್ಲು ಕೆಟ್ಟರೆ ನೋಯುತ್ತದೆ, ಹೊಟ್ಟೆ ಕೆಟ್ಟರೆ ಓಣಿಗೇ ಗೊತ್ತಾಗುತ್ತದೆ. ಕಣ್ಣು ಮಾತ್ರ ತನಗೆ ಕಾಣದ್ದು ಇಲ್ಲವೇ ಇಲ್ಲ ಎಂದು ಸಾಧಿಸುತ್ತದೆ. ಅಕ್ಕಲಕೋಟೆಯ ಶಾಲೆಯಲ್ಲಿ ವರ್ಷವರ್ಷವೂ ಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು, ಪಾಪೆ, ಮಸೂರ, ಅಕ್ಷಿಪಟಲ ಎಂದು ಕೋಲಿನಿಂದ ತೋರಿಸುತ್ತಿದ್ದ ನನ್ನೆದುರೂ ಅದು ಹಾಗೆಯೇ ಸಾಧಿಸಿತು.

ಜಗಳ ಶುರುವಾದದ್ದು ಮನೆಯಲ್ಲಿ. ಪಕ್ಕದಲ್ಲಿಟ್ಟ ಚಹಾದ ಬಟ್ಟಲನ್ನು ನಾನು ಮೇಲಿಂದ ಮೇಲೆ ಒದೆಯುತ್ತಿದ್ದೆ. "ಕಾಲಾಗ ಯಾಕ ಇಡ್ತಿ?" ಎಂದು ನಾನು ರೇಗುವುದು, "ಬಾಜೂಕ ಇಟ್ಟೀನಲ್ರಿ, ಕಾಣಂಗಿಲ್ಲೇನು?" ಎನ್ನುತ್ತ ಹೆಂಡತಿ ಗಂಗಾ ನೆಲ ಒರೆಸುವುದು. ಬೀದಿಯಲ್ಲಿ ಎಡಬಲದವರ ನಮಸ್ಕಾರಕ್ಕೂ ನಾನು ಉತ್ತರ ಕೊಡುತ್ತಿರಲಿಲ್ಲ. ಹೆಡ್‌ಮಾಸ್ತರನಾದ ಮೇಲೆ ಸೊಕ್ಕು ಬಂದಿದೆ ಎಂದು ಊರು ಆಡಿಕೊಂಡಿತು. ಒಳಗೊಳಗೆ ನನಗದು ಹಿತವಾಗಿಯೇ ಇತ್ತು. ಸೊಕ್ಕು ಬರುವಷ್ಟು ದೊಡ್ಡವನಾದೆನಲ್ಲ!

ಒಂದು ದಿನ ತರಗತಿಯಲ್ಲಿ, ನೇರ ನೋಡುವಾಗಲೂ ಪಕ್ಕದ್ದು ಕಾಣುತ್ತದೆಂದು ತೋರಿಸಲು, ಎಲ್ಲರೂ ಕೈ ಅಗಲಿಸಿ ಬೆರಳು ಆಡಿಸಿರಿ ಎಂದೆ. ನಾನೂ ಆಡಿಸಿದೆ. "ಕಾಣ್ತಾವ್ರಿ ಗುರೂಜಿ!" ಎಂದು ತರಗತಿ ಕೂಗಿತು. ನನ್ನ ಬೆರಳು ನನಗೆ ಕಾಣಲಿಲ್ಲ. ಕೈಗಳನ್ನು ಮುಂದೆ ತಂದೆ, ಇಲ್ಲ. ಇನ್ನೂ ತಂದೆ, ಇಲ್ಲ. ಅಂಗೈಗಳೆರಡೂ ಮುಖದ ಮುಂದೆ ಕೂಡುವ ಹೊತ್ತಿಗೆ ಕಂಡವು. ಹುಡುಗರು ಎದ್ದು ನಿಂತು ನನಗೆ ಮರುನಮಸ್ಕಾರ ಮಾಡಿದರು.

ಗಂಗಾಳನ್ನು ಕರೆದುಕೊಂಡು ಸೊಲ್ಲಾಪುರದ ಕಣ್ಣಿನ ಡಾಕ್ಟರರ ಬಳಿ ಹೋದೆ. ಪೊರೆ ಇದ್ದೀತು, ತೆಗೆಸಿದರಾಯಿತು ಎಂಬ ಧೈರ್ಯವಿತ್ತು. ಅವರು ಬಹಳ ಹೊತ್ತು ದೀಪ ಹಿಡಿದು ನೋಡಿದರು.

"ಪೊರೆ ಅಲ್ಲ ಮಾಸ್ತರ, ಕಾಚಬಿಂದು, ಗ್ಲಾಕೋಮಾ. ಕಣ್ಣೊಳಗ ಒತ್ತಡ ಏರಿ ನರ ಒಣಗ್ಯಾದ. ಹೋದ ನಜರ ತಿರುಗಿ ಬರಂಗಿಲ್ಲ. ಉಳಿದದ್ದಾದರೂ ಉಳೀಲಿ ಅಂತ ದವಾ ಕೊಡ್ತೀನಿ."

ಹೊರಗೆ ಬಂದು ಗಂಗಾಳಿಗೆ ವಿವರಿಸತೊಡಗಿದೆ: "ಅಕ್ಷಿಪಟಲದಿಂದ ಮಿದುಳಿಗೆ ಒಂದು ನರ ಹೋಗತದ..."

"ಪಾಠ ಸಾಕ್ರಿ," ಎಂದಳು. "ನಾ ಕಾಣತೀನೋ ಇಲ್ಲೋ, ಅಷ್ಟು ಹೇಳ್ರಿ."

"ಮುಂದ ನಿಂತ್ರ ಕಾಣ್ತಿ."

ಮದುವೆಯಾದಾಗಿನಿಂದ ನನ್ನ ಹಿಂದೆಯೇ ನಡೆದವಳು ಅಂದು ಊರಿಗೆ ಮರಳಿದಾಗ ಅಕ್ಕಲಕೋಟೆಯ ಪೇಟೆಯಲ್ಲಿ ನನ್ನ ಮುಂದೆ ನಡೆದಳು. ಅವಳ ಬೆನ್ನನ್ನೇ ನೋಡುತ್ತ ನಾನು ಹಿಂಬಾಲಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅವಳು ತಿರುಗದೆಯೇ ಪಿಸುಗುಟ್ಟಿದಳು: "ಮಂದಿ ನಗಾಕತ್ತಾರ್ರಿ. ಎರಡೂ ಕಡಿ."

ಗಂಡಸಿನ ಮರ್ಯಾದೆಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಬಲ್ಲ ಹೆಡ್‌ಮಾಸ್ತರ ನಾನು.

"ನಗಲಿ," ಎಂದೆ. "ನೀ ಒಂದೀಟು ಸಾವಕಾಶ ನಡಿ."